ಹೊಂಗೆ ಪೊಟರೆಯ ಹಾಲಕ್ಕಿ ಮರಿ

ನಮ್ಮ ಕಡೆ ಹಾಲಕ್ಕಿ ಎಂದರೆ ಮೊದಲು ನೆನಪಾಗುವುದು ಹಕ್ಕಿಯಲ್ಲ, ಬುಡುಬುಡಿಕೆಯವನು. ಬೆಳಕು ಹರಿಯುವ ಮುಂಚೆ ಊರ ನಾಯಿಗಳನ್ನೆಲ್ಲ ಎಬ್ಬಿಸಿಕೊಂಡು ಬರುತ್ತಿದ್ದ. ತಲೆಗೆ ದೊಡ್ಡ ರುಮಾಲು, ಹೆಗಲ ಮೇಲೆ ಯಾರ್ಯಾರದೋ ಮನೆಯ ಹಳೆಬಟ್ಟೆಗಳ ಹೊರೆ, ಕೈಯಲ್ಲಿ ಅಂಗೈಯಗಲದ ಡಮರುಗ. ರಾತ್ರಿ ಹಾಲಕ್ಕಿ ತನಗೆ ಏನು ನುಡಿಯಿತೋ ಅದನ್ನು ಮನೆಮನೆಯ ಬಾಗಿಲಿಗೆ ತಲುಪಿಸುವುದು ಅವನ ಕೆಲಸ. ನಾವು ಮಕ್ಕಳು ಹೆದರಿ ಕಂಬಳಿ ಎಳೆದುಕೊಂಡು ಮಲಗಿರುತ್ತಿದ್ದೆವು. ಅವ್ವ ಮಾತ್ರ ಎದ್ದು, ಮೊರದಲ್ಲಿ ರಾಗಿ ಹಿಡಿದು, ಸೆರಗು ಹೊದ್ದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವನು ಹೇಳುವುದು ಹೆಚ್ಚುಕಡಿಮೆ ಒಳ್ಳೆಯದನ್ನೇ. ನಡುವೆ ಒಂದು ಚೂರು ಕೆಡುಕು ಸೇರಿಸಿ, ಅದಕ್ಕೆ ಪರಿಹಾರವನ್ನೂ ತಾನೇ ಸೂಚಿಸಿ, ಅಪ್ಪನ ಹಳೆಯ ಅಂಗಿಯೊಂದನ್ನು ಗಿಟ್ಟಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ.

ಈ ಹಾಲಕ್ಕಿ ಯಾವುದು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಕಾಲೇಜಿನ ಲೈಬ್ರರಿಯಲ್ಲಿ. ಇಂಗ್ಲಿಷಿನವರು ಸ್ಪಾಟೆಡ್ ಔಲೆಟ್ ಎನ್ನುವ ಪುಟ್ಟ ಗೂಬೆ. ಚಿತ್ರ ನೋಡಿ ನಿರಾಸೆಯೇ ಆಯಿತೆನ್ನಿ. ಭೂತ ಭವಿಷ್ಯಗಳನ್ನೆಲ್ಲ ಬಲ್ಲ ಹಕ್ಕಿ ಒಂದು ಹದ್ದಿನಷ್ಟಾದರೂ ಇರಬೇಡವೇ? ಇದು ಮೈನಾ ಹಕ್ಕಿಯ ಗಾತ್ರದ್ದು, ಉದ್ದ ಸುಮಾರು 21 ಸೆಂಟಿಮೀಟರ್. ಬೂದುಗಂದು ಮೈಮೇಲೆ ಯಾರೋ ಸುಣ್ಣದ ಬ್ರಷ್ ಕೊಡವಿದ ಹಾಗೆ ಬಿಳಿ ಚುಕ್ಕಿಗಳು. ದುಂಡು ತಲೆ, ಬಿಳಿ ಹುಬ್ಬು, ಹಳದಿ ಕಣ್ಣು. ಯಾವಾಗಲೂ ಏನೋ ಕೇಳಬಾರದ್ದನ್ನು ಕೇಳಿಸಿಕೊಂಡಂಥ ಮುಖಭಾವ. ಗೂಬೆಗಳ ಕಣ್ಣು ಗುಳಿಯೊಳಗೆ ನಮ್ಮ ಕಣ್ಣಿನಂತೆ ಹೊರಳುವುದಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸಬೇಕು. ಅದು ಎಷ್ಟು ದೂರ ಎನ್ನುವುದನ್ನು ತಲೆ ಕುಣಿಸಿ ಕುಣಿಸಿ ಅಳೆಯಬೇಕು. ನಾವು ನೋಡಿ ಅಂಜುವ ಆ ದಿಟ್ಟಿಯ ಹಿಂದಿರುವುದು ಇಷ್ಟೇ. ಗ್ರೀಕರ ಅಥೀನಾ ದೇವಿಯ ಗೂಬೆಯೂ ಇದೇ ಕುಲದ್ದು. ಅಲ್ಲಿಂದಲೇ ಪಶ್ಚಿಮದಲ್ಲಿ ಗೂಬೆ ಎಂದರೆ ಜಾಣ. ನಮ್ಮಲ್ಲಿ 'ಗೂಬೆ' ಎಂದರೆ ಪೆದ್ದ, ಒಬ್ಬರ ತಲೆಯ ಮೇಲೆ ತಪ್ಪು ಹೊರಿಸಿದರೆ 'ಗೂಬೆ ಕೂರಿಸಿದ' ಎನ್ನುತ್ತೇವೆ. ಹಕ್ಕಿಗೆ ಎರಡೂ ಗೊತ್ತಿಲ್ಲ.

ಅರಸೀಕೆರೆಯಲ್ಲಿ ರೈಲ್ವೆ ಹಳಿಗೆ ಸ್ವಲ್ಪ ದೂರದಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ನಾಲ್ಕು ತೆಂಗು, ಮುಂದೆ ಬೀದಿಯ ಅಂಚಿಗೆ ಒಂದು ಹಳೆಯ ಹೊಂಗೆ. ಕೆಲವು ವರ್ಷಗಳ ಹಿಂದೆ ಕರೆಂಟಿನ ತಂತಿಗೆ ತಾಗುತ್ತದೆಂದು ಅದರ ದಪ್ಪ ಕೊಂಬೆಯೊಂದನ್ನು ಯಾರೋ ಅರ್ಧಕ್ಕೆ ಕಡಿದು ಹೋಗಿದ್ದರು. ಕಡಿದ ಮೋಟು ಮಳೆಯಲ್ಲಿ ನೆನೆದು, ಒಳಗಿನಿಂದ ಕೊಳೆತು, ಒಂದು ಪೊಟರೆಯಾಯಿತು. ಮೊದಲು ಅಳಿಲು ಇತ್ತು, ಆಮೇಲೆ ಮೈನಾ. ಮೂರನೆಯದಾಗಿ ಬಂದ ಒಕ್ಕಲು ಹಾಲಕ್ಕಿ ಜೋಡಿ. ಬೀದಿದೀಪ ಎದುರಿಗೇ ಇದ್ದುದರಿಂದ ಅವಕ್ಕೆ ಅಡುಗೆಮನೆ ಪಕ್ಕದಲ್ಲೇ ಸಿಕ್ಕಂತಾಗಿತ್ತು. ದೀಪಕ್ಕೆ ಮುತ್ತುವ ಹಾತೆ, ಜೀರುಂಡೆಗಳನ್ನು ತಂತಿಯ ಮೇಲೆ ಕೂತು ನೋಡಿ, ಸದ್ದಿಲ್ಲದೆ ಹಾರಿ ಹಿಡಿದು, ಮತ್ತೆ ಅದೇ ತಂತಿಗೆ ವಾಪಸ್ಸು.

ಆ ಹೊತ್ತಿಗೆ ಅವ್ವ ಹಾಸಿಗೆ ಹಿಡಿದು ಐದು ತಿಂಗಳಾಗಿತ್ತು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ, ಒಂದೇ ಒಂದು ಪದ ಉಳಿದಿತ್ತು. 'ಆಯ್ತು.' ಇಂಥವರಲ್ಲಿ ಹೀಗೆ ಒಂದು ಪದ ಅಂಟಿಕೊಂಡು ಉಳಿಯುವುದುಂಟು ಎಂದು ಡಾಕ್ಟರು ಹೇಳಿದರು. ಪ್ಯಾರಿಸ್ಸಿನಲ್ಲಿ ಪೌಲ್ ಬ್ರೋಕಾ ಎಂಬ ವೈದ್ಯ 1861ರಲ್ಲಿ ಪರೀಕ್ಷಿಸಿದ ಒಬ್ಬ ರೋಗಿಗೆ ಎಷ್ಟೋ ವರ್ಷಗಳಿಂದ 'ಟಾನ್' ಎಂಬ ಒಂದೇ ಸದ್ದು ಹೊರಡುತ್ತಿತ್ತಂತೆ. ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿಹೋಗಿತ್ತು. ಅವನು ಸತ್ತ ಮೇಲೆ ಮೆದುಳನ್ನು ನೋಡಿದ ಬ್ರೋಕಾನಿಗೆ ಮಾತಿನ ಜಾಗ ಎಡಗಡೆ ಮುಂಭಾಗದಲ್ಲಿದೆ ಎಂದು ಹೊಳೆದದ್ದು. ಟಾನ್ ಎನ್ನುವುದಕ್ಕೆ ಅರ್ಥವಿರಲಿಲ್ಲ. ನಮ್ಮ ಅವ್ವನಿಗೆ ಉಳಿದ ಪದಕ್ಕೆ ಅರ್ಥ ಜಾಸ್ತಿ ಇತ್ತು, ತೊಂದರೆ ಅದೇ.

'ಆಯ್ತು' ಎನ್ನುವುದು ಕನ್ನಡದಲ್ಲಿ ಎಷ್ಟು ಅಗಲದ ಮಾತು ಎಂದು ನನಗೆ ತಿಳಿದದ್ದು ಆಗ. ಗಂಜಿ ಬೇಕಾ ಅವ್ವ ಅಂದರೆ, ಆಯ್ತು. ಬೇಕು ಎಂದೋ, ಹೊಟ್ಟೆ ತುಂಬಿದೆ ಎಂದೋ? ನೋವಾ? ಆಯ್ತು. ಅಣ್ಣ ಬೆಂಗಳೂರಿನಿಂದ ಭಾನುವಾರ ಬರ್ತಾನಂತೆ. ಆಯ್ತು. ಹಾಗೇ ಕಣ್ಣು ಮುಚ್ಚಿಕೊಂಡು, ಯಾರೂ ಏನೂ ಕೇಳದೆ ಇದ್ದಾಗ, ಮೆಲ್ಲಗೆ ಆಯ್ತು ಆಯ್ತು ಎಂದುಕೊಳ್ಳುತ್ತಿದ್ದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಆರೈಕೆಗೆ ಬರುತ್ತಿದ್ದ ಅಕ್ಕನಿಗೆ ಮಾತ್ರ ಈ ತೊಡಕಿರಲಿಲ್ಲ. ಅವರು ಅವ್ವನ ಎಡಗೈ ಹಿಡಿದು ಮುಖ ನೋಡುತ್ತಿದ್ದರು, ಮಾತನ್ನು ಕೇಳುತ್ತಲೇ ಇರಲಿಲ್ಲ.

ಮಂಚವನ್ನು ಬೀದಿಗೆ ತೆರೆಯುವ ಕಿಟಕಿಯ ಪಕ್ಕ ಹಾಕಿದ್ದೆವು. ಗಾಳಿ ಬರಲಿ ಎಂದು. ಕಿಟಕಿಯಿಂದ ಕಾಣುವುದು ಹೊಂಗೆ, ತಂತಿ, ದೀಪದ ಕಂಬ. ಜನವರಿಯಲ್ಲಿ ಹಾಲಕ್ಕಿಗಳ ಗಲಾಟೆ ಹೆಚ್ಚಾಯಿತು. ಅವು ಮೊಟ್ಟೆಯಿಡುವ ಕಾಲ ಅದು. ನಮ್ಮ ಭಾಗದಲ್ಲಿ ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ. ದೊಡ್ಡ ಗೂಬೆಗಳಂತೆ ಗಂಭೀರವಾಗಿ ಗುಮ್ಮೆನ್ನುವ ಜಾಯಮಾನ ಇವಕ್ಕಿಲ್ಲ. ಚಿರ್ರ್ ಚಿರ್ರ್ ಎಂದು ಶುರುವಾಗಿ, ಚೀವಕ್ ಚೀವಕ್ ಎಂದು ಒಂದರ ಮಾತಿನ ಮೇಲೆ ಇನ್ನೊಂದು ಬಿದ್ದು, ನಲ್ಲಿ ನೀರಿಗೆ ನಿಂತವರ ಜಗಳದ ಹಾಗೆ ಇರುತ್ತದೆ. ಆದರೆ ಖಾಯಿಲೆ ಮನೆಯ ಎದುರಿಗೆ, ರಾತ್ರಿ ಹೊತ್ತು, ಅದು ಜಗಳವಾಗಿ ಕೇಳಿಸುವುದಿಲ್ಲ. ಎದುರುಮನೆಯಾಕೆ ಮೊದಲು ಹೇಳಿದರು. ಆಮೇಲೆ ಹಾಲಿನವನು. ಆಮೇಲೆ ಅವ್ವನನ್ನು ನೋಡಲು ಬಂದವರೆಲ್ಲ, ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ಮರದ ಕಡೆ ಕಣ್ಣು ಹಾಯಿಸಿ, ಧ್ವನಿ ತಗ್ಗಿಸಿ.

ಎಲ್ಲರಿಗಿಂತ ಕಳವಳಗೊಂಡವರು ನನ್ನ ಸೋದರಮಾವ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಎಪ್ಪತ್ತು ದಾಟಿದ್ದರೂ ವಾರಕ್ಕೆರಡು ರಾತ್ರಿ ಊರಿನಿಂದ ಬಸ್ಸು ಹತ್ತಿ ಬಂದು, ನೀನು ಮಲಕ್ಕೋ ಮಗ ಎಂದು ನನ್ನನ್ನು ಕಳಿಸಿ, ಅಕ್ಕನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತಿದ್ದವರು. ಅವರ ಬಗ್ಗೆ ಹಗುರವಾಗಿ ಬರೆಯಲು ನನ್ನಿಂದ ಆಗದು. ಅತ್ತೆ ತೀರಿಕೊಂಡ ವಾರ ತೋಟದ ಮನೆಯ ಸೂರಿನ ಮೇಲೆ ಹಾಲಕ್ಕಿ ಕೂಗಿತ್ತಂತೆ. ಅತ್ತೆ ತೀರಿಕೊಳ್ಳದ ವಾರಗಳಲ್ಲೂ ಕೂಗಿರುತ್ತದೆ, ಆಗ ಯಾರೂ ಎದ್ದು ಕೂತು ಕೇಳಿರುವುದಿಲ್ಲ. ಈ ಮಾತನ್ನು ಅವರಿಗೆ ಹೇಳಿದ್ದೆ ಕೂಡ. "ನೀನು ಓದಿದೋಳು, ನಿನಗೆ ಹಂಗನ್ನಿಸ್ತದೆ" ಎಂದರು. ಸಿಟ್ಟಿನಿಂದಲ್ಲ. ರಾತ್ರಿಯೆಲ್ಲ ಎಚ್ಚರವಿದ್ದವರ ಸುಸ್ತಿನಿಂದ. "ಆ ಮೋಟು ಕೊಂಬೆ ಒಂದನ್ನ ಕಡಿಸಾಕಿದ್ರೆ ಅವು ಬೇರೆ ಕಡೆ ಹೋಗ್ತವೆ ಕಣವ್ವ. ಅವಕ್ಕೂ ನಷ್ಟವಿಲ್ಲ, ನಮಗೂ ಇಲ್ಲ."

ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಕಾಗೆಗಳ ಗದ್ದಲ. ಹತ್ತಿಪ್ಪತ್ತು ಕಾಗೆಗಳು ಹೊಂಗೆಯ ಬುಡದಲ್ಲಿ ಏನನ್ನೋ ಸುತ್ತಿಕೊಂಡು ಕಿರುಚುತ್ತಿದ್ದವು. ಕಾಗೆ ಗೂಬೆಗಳ ಹಗೆ ಹಳೆಯದು. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಆಲದ ಮರದಡಿ ನಿದ್ದೆ ಬಾರದೆ ಕೂತ ಅಶ್ವತ್ಥಾಮನಿಗೆ ಕಾಣುವುದು, ಮಲಗಿದ ಕಾಗೆಗಳನ್ನು ಒಂದೊಂದಾಗಿ ಕೊಲ್ಲುವ ಗೂಬೆ. ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗುವ ಯೋಚನೆ ಅವನಿಗೆ ಬರುವುದು ಅಲ್ಲಿಂದ. ಹಗಲಿನಲ್ಲಿ ಆಟ ಉಲ್ಟಾ. ಗೂಬೆಯೊಂದು ಕಣ್ಣಿಗೆ ಬಿದ್ದರೆ ಕಾಗೆಗಳು ಇಡೀ ಬೀದಿಯನ್ನು ಕರೆಯುತ್ತವೆ.

ಪೊರಕೆ ಬೀಸಿ ಓಡಿಸಿ ನೋಡಿದರೆ, ಚರಂಡಿಯ ಕಲ್ಲಿಗೆ ಬೆನ್ನು ಒತ್ತಿಕೊಂಡು ಒಂದು ಹಿಡಿ ಹತ್ತಿ. ಹತ್ತಿಯ ನಡುವೆ ಎರಡು ಹಳದಿ ಕಣ್ಣು. ರೆಕ್ಕೆಯ ಗರಿಗಳು ಕೊಳವೆಯಿಂದ ಅರ್ಧ ಹೊರಬಂದಿದ್ದವು, ಬಾಲ ಇನ್ನೂ ಮೋಟು. ತಲೆಯ ಮೇಲೆ ಮರಿಗೂದಲು ಗಾಳಿಗೆ ಅಲ್ಲಾಡುತ್ತಿತ್ತು. ಮೂರು ವಾರದ್ದಿರಬಹುದು. ನಾನು ಬಗ್ಗಿದ ಕೂಡಲೇ ರೆಕ್ಕೆ ಅಗಲಿಸಿ, ಮೈ ಉಬ್ಬಿಸಿ, ಇದ್ದದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ, ಕೊಕ್ಕನ್ನು ಟಕ್ ಟಕ್ ಎಂದು ಬಡಿಯಿತು. ಅಂಗೈಯಲ್ಲಿ ಮುಚ್ಚಿಹೋಗುವ ಜೀವ, ಧಿಮಾಕು ನೋಡಿ. ಅದರ ಎದೆ ಬಡಿದುಕೊಳ್ಳುವುದು ಕಣ್ಣಿಗೇ ಕಾಣುತ್ತಿತ್ತು.

ಹಾಲಕ್ಕಿ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ, ಬಿಳಿಯವು, ದುಂಡನೆಯವು. ಎಲ್ಲ ಇಟ್ಟು ಮುಗಿಯುವ ತನಕ ಕಾಯದೆ ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುವುದರಿಂದ ಮರಿಗಳು ಒಂದೊಂದು ದಿನಕ್ಕೆ ಒಂದೊಂದು ಹೊರಬರುತ್ತವೆ. ಹಾಗಾಗಿ ಗೂಡಿನಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಏಣಿಶ್ರೇಣಿ. ಊಟ ಸಾಲದೆ ಬಂದ ವರ್ಷ ಚಿಕ್ಕದು ಬದುಕುವುದು ಕಷ್ಟ. ನೂಕುನುಗ್ಗಲಿನಲ್ಲಿ ಬೀಳುವುದೂ ಉಂಟು. ಇದು ಯಾವುದೋ ನನಗೆ ಹೇಗೆ ಗೊತ್ತಾಗಬೇಕು. ಗಾಯವಿರಲಿಲ್ಲ, ಎರಡು ಕಾಲೂ ನೆಟ್ಟಗಿದ್ದವು.

ಮೈಸೂರಿನಲ್ಲಿ ಹಕ್ಕಿಗಳ ಹಿಂದೆಯೇ ಬಿದ್ದಿರುವ ಗೆಳತಿಯೊಬ್ಬಳಿದ್ದಾಳೆ. ಫೋನ್ ಮಾಡಿದೆ. ನಾನು ಹೇಳಿ ಮುಗಿಸುವ ಮೊದಲೇ ಶುರು ಮಾಡಿದಳು: ಹಾಲು ಕುಡಿಸಬೇಡ, ಅನ್ನ ತುರುಕಬೇಡ, ಬಾಯಿಗೆ ನೀರು ಬಿಡಬೇಡ, ಉಸಿರಿನ ನಾಳಕ್ಕೆ ಹೋಗಿ ಸತ್ತೇಹೋಗುತ್ತದೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು, ಮರಿಯ ಕೂಗು ಕೇಳಿದರೆ ಅಪ್ಪ ಅಮ್ಮ ಎರಡೂ ಬರುತ್ತವೆ. ಆದಷ್ಟು ಪೊಟರೆಗೇ ವಾಪಸ್ಸು ಇಡು. ಆಗದಿದ್ದರೆ ಅದೇ ಮರಕ್ಕೆ ಒಂದು ಬುಟ್ಟಿ ಕಟ್ಟು. ಮನೆಯಲ್ಲಿ ಇಟ್ಟುಕೊಂಡು ಸಾಕುವ ಯೋಚನೆ ಇದ್ದರೆ ಈಗಲೇ ಬಿಡು, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಅದಕ್ಕಿಂತ ಮುಖ್ಯ, ನಮ್ಮ ಕೈಯಲ್ಲಿ ತಿಂದು ಬೆಳೆದ ಗೂಬೆಗೆ ಬೇಟೆ ಬರುವುದಿಲ್ಲ, ಹೆದರಿಕೆಯೂ ಬರುವುದಿಲ್ಲ. ಹೆದರಿಕೆ ಇಲ್ಲದ ಗೂಬೆ ಈ ದೇಶದಲ್ಲಿ ಎಷ್ಟು ದಿನ ಬದುಕುತ್ತದೆ ಹೇಳು. ದೀಪಾವಳಿ ಹತ್ತಿರ ಬಂದರೆ ಗೂಬೆ ಹಿಡಿದು ಮಾರುವವರು, ಕೊಂಡು ಬಲಿ ಕೊಡುವವರು ಇದ್ದಾರೆ ಎಂಬುದು ನನಗೂ ಗೊತ್ತಿತ್ತು. ಅಮಂಗಳ ಎಂದು ಓಡಿಸುವವರು ಒಂದು ಕಡೆ, ಅದೇ ಹಕ್ಕಿಯಿಂದ ಐಶ್ವರ್ಯ ಬರುತ್ತದೆ ಎಂದು ಕುತ್ತಿಗೆ ಮುರಿಯುವವರು ಇನ್ನೊಂದು ಕಡೆ.

ಪೊಟರೆ ಎತ್ತರದಲ್ಲಿತ್ತು. ನಮ್ಮಲ್ಲಿದ್ದ ಏಣಿ ಅರ್ಧಕ್ಕೂ ಬರುವುದಿಲ್ಲ. ತರಕಾರಿ ತರುವ ಬಿದಿರು ಬುಟ್ಟಿಗೆ ತೆಂಗಿನ ನಾರು ಹಾಸಿ, ಏಣಿ ಮುಟ್ಟುವ ಎತ್ತರದಲ್ಲಿ ಕವಲಿಗೆ ಹಗ್ಗದಿಂದ ಬಿಗಿದೆ. ಕಾಗೆಗೆ ಕಾಣದಂತೆ ಮೇಲೊಂದು ಹಳೆ ಚಾಪೆಯ ತುಂಡು. ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದು ಇಟ್ಟಾಗ ಮರಿ ನನ್ನ ಹೆಬ್ಬೆರಳನ್ನು ಹಿಡಿದದ್ದು ಬಿಡಲೊಲ್ಲದು. ಉಗುರುಗಳು ಸೂಜಿ. ಒಂದೊಂದೇ ಬೆರಳು ಬಿಡಿಸಿದೆ. ದಿನಕ್ಕೆರಡು ಸಲ ಅವ್ವನ ಬಲಗೈಗೆ ಮಾಡಿಸುತ್ತಿದ್ದ ಫಿಸಿಯೋಥೆರಪಿಯೂ ಅದೇ. ಮುದುರಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು.

ಸಂಜೆ ಆರೂಮುಕ್ಕಾಲಿಗೆ ಬೀದಿದೀಪ ಹೊತ್ತಿತು. ಅವ್ವನ ಮಂಚದ ತುದಿಯಲ್ಲಿ ಕೂತು ಕಿಟಕಿಯಿಂದ ನೋಡುತ್ತಿದ್ದೆ. ದೊಡ್ಡ ಹಾಲಕ್ಕಿಯೊಂದು ಪೊಟರೆಯಿಂದ ಹೊರಬಂದು ತಂತಿಯ ಮೇಲೆ ಕೂತಿತು. ಬುಟ್ಟಿಯಿಂದ ಸೀಳಿದ ಪೀಪಿಯಂಥ ಸದ್ದು. ಹಕ್ಕಿ ತಲೆ ತಿರುಗಿಸಿತು. ಕುಣಿಸಿತು. ಹಾರಿ ಹೋಯಿತು. ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು ನನಗೆ. ಹತ್ತು ನಿಮಿಷ ಕಳೆದಿರಬೇಕು, ಅದು ಕಾಲಲ್ಲಿ ಒಂದು ಹಲ್ಲಿಯನ್ನು ಹಿಡಿದುಕೊಂಡು ಬಂದು ನೆಟ್ಟಗೆ ಬುಟ್ಟಿಯ ಅಂಚಿಗೇ ಇಳಿಯಿತು. ಆ ಮೇಲೆ ಎಂಟು ಗಂಟೆಯವರೆಗೆ ಹನ್ನೊಂದು ಸಲ ಎಣಿಸಿದೆ. ಹಾತೆ, ಜೀರುಂಡೆ, ಇನ್ನೊಂದೆರಡು ಏನೆಂದು ಕತ್ತಲಲ್ಲಿ ಕಾಣಲಿಲ್ಲ. ಪೊಟರೆಗೂ ಹೋಗುತ್ತಿತ್ತು, ಬುಟ್ಟಿಗೂ ಬರುತ್ತಿತ್ತು. "ಅವ್ವ, ತಾಯಿ ಬಂತು ನೋಡು" ಎಂದೆ. ಅವ್ವನ ಮುಖ ಕಿಟಕಿಯ ಕಡೆಗಿತ್ತು. "ಆಯ್ತು" ಎಂದಳು.

ಮಾರನೆಯ ದಿನ ಮಾವ ಬಂದಾಗ ಜೊತೆಯಲ್ಲಿ ತೆಂಗಿನಕಾಯಿ ಕೀಳುವ ಹುಡುಗನನ್ನು ಕರೆತಂದಿದ್ದರು. ಅವನ ಸೊಂಟದಲ್ಲಿ ಮಚ್ಚು, ಹೆಗಲಿಗೆ ಹಗ್ಗ. ಯಾರೋ ಫೋನ್ ಮಾಡಿದ್ದರು ಕಾಣುತ್ತದೆ, ಹಾಲಕ್ಕಿ ಮರಿಯನ್ನೇ ಮನೆ ಬಾಗಿಲಿಗೆ ಕಟ್ಟಿಕೊಂಡಿದ್ದಾಳೆ ಎಂದು. ನನ್ನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಕೈಕಾಲು ತೊಳೆದು ಒಳಗೆ ಹೋಗಿ ಮಂಚದ ಪಕ್ಕ ಕೂತರು.

"ಅಕ್ಕ, ಆ ಕೊಂಬೆ ತೆಗಿಸಿಬಿಡ್ಲಾ?"

"ಆಯ್ತು."

ಮಾವ ನನ್ನ ಕಡೆ ನೋಡಿದರು. ನಾನೂ ಪಕ್ಕಕ್ಕೆ ಹೋಗಿ ಬಗ್ಗಿ ಕೇಳಿದೆ. "ಅವ್ವ, ಮರಿ ಐತೆ. ಕೊಂಬೆ ಹಂಗೇ ಇರ್ಲಾ?"

"ಆಯ್ತು."

ಆರೈಕೆಯ ಅಕ್ಕ ಗಂಜಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಇಬ್ಬರೂ ಆಚೆ ಹೋಗ್ರಪ್ಪ, ಅವ್ವಾರು ಉಣ್ಣೋ ಹೊತ್ತು" ಎಂದರು.

ಆಚೆ ಬಂದು ಜಗಲಿಯಲ್ಲಿ ನಿಂತೆವು. ನಾನು ಅಡ್ಡ ನಿಲ್ಲುವುದೆಂದು ತೀರ್ಮಾನಿಸಿದ್ದೆ. ಆದರೆ ಎಷ್ಟು ಹೊತ್ತು ಅಡ್ಡ ನಿಲ್ಲಬಲ್ಲೆ? ನಾಳೆ ಅವ್ವನಿಗೆ ಏನಾದರೂ ಆದರೆ ಅದು ಯಾರ ತಲೆ ಮೇಲೆ ಕೂರುತ್ತದೆ ಎಂಬುದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಏನಾದರೂ ಆಗಿಯೇ ಆಗುತ್ತದೆ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಡಾಕ್ಟರು ಮುಚ್ಚಿಟ್ಟು ಮಾತಾಡಿರಲಿಲ್ಲ. ಒಂದು ಮೋಟು ಕೊಂಬೆ ಕಡಿದರೆ ಒಬ್ಬ ಮುದುಕನಿಗೆ ನಾಲ್ಕು ರಾತ್ರಿ ನಿದ್ದೆ ಬರುವುದಾದರೆ ಕೊಡಬಾರದೇ, ಎಂದು ನನ್ನೊಳಗೇ ಒಬ್ಬಳು ಕೇಳುತ್ತಿದ್ದಳು. ಕೊಡಬಹುದಿತ್ತು, ಅದರೊಳಗೆ ಯಾರೂ ಇಲ್ಲದಿದ್ದರೆ.

ನಮ್ಮ ಮಾತು ಮುಗಿಯುವುದನ್ನು ಕಾಯದೆ ಆ ಹುಡುಗ ಮರ ಹತ್ತಿದ್ದ. ಹೊಂಗೆಯನ್ನು ಹತ್ತುವುದು ತೆಂಗು ಹತ್ತುವವನಿಗೆ ಮೆಟ್ಟಿಲು ಹತ್ತಿದ ಹಾಗೆ. ಮೋಟಿನ ಮೇಲೆ ಕೂತು ಮೊಬೈಲಿನ ಟಾರ್ಚು ಹಾಕಿ ಪೊಟರೆಯೊಳಗೆ ಇಣುಕಿದ. ಸುಮಾರು ಹೊತ್ತು ಹಾಗೇ ನೋಡಿದ.

"ಇನ್ನೂ ಎರಡು ಮರಿ ಅವೆ ಕಣಣ್ಣ."

"ಇರಲಿ, ಕೆಳಗಿಳಿಸಿ ಕಡಿ" ಎಂದರು ಮಾವ.

"ನಾನು ಕಡಿಯಾಕಿಲ್ಲ."

"ಯಾಕ್ಲಾ?"

"ಮನೇಲಿ ಬಸ್ರಿ ಅವ್ಳೆ. ಮರಿ ಇರೋ ಗೂಡಿಗೆ ಮಚ್ಚು ಹಾಕಿದ್ರೆ ನನಗೆ ತಟ್ಟಲ್ವಾ?"

ಮಾವ ಅದಕ್ಕೆ ಏನೂ ಹೇಳಲಿಲ್ಲ. ಹೇಳುವಂತಿರಲಿಲ್ಲ. ಕಾಯ್ದೆಯನ್ನು ಅವರು ತಳ್ಳಿಹಾಕಬಲ್ಲವರಾಗಿದ್ದರು, ನನ್ನ ಪುಸ್ತಕಗಳನ್ನು ಐದು ತಿಂಗಳಿಂದ ತಳ್ಳಿಹಾಕುತ್ತಲೇ ಬಂದಿದ್ದರು. ಬಸುರಿಯ ಮಾತು ಬೇರೆ. ಹುಡುಗ ಮೇಲಿಂದಲೇ ಕೇಳಿದ, "ಬುಟ್ಟೀಲಿರೋದನ್ನೂ ಇಲ್ಲೇ ಬಿಟ್ಬಿಡ್ಲಾ ಅಕ್ಕ?" ಕವಲಿಗೆ ಇಳಿದು, ಚಾಪೆ ಸರಿಸಿ, ಮರಿಯನ್ನು ಅಂಗಿಯ ಒಳಗೆ ಹಾಕಿಕೊಂಡ. ಅದು ಎದೆಗೆ ಪರಚಿರಬೇಕು, ಅಯ್ಯಯ್ಯೋ ಎಂದು ನಕ್ಕ. ಪೊಟರೆಯೊಳಗೆ ಕೈ ಬಿಟ್ಟು ತೆಗೆದ. ಒಂದು ನಿಮಿಷದ ಕೆಲಸ. ಇಳಿದು ಬಂದವನಿಗೆ ಕೂಲಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಎರಡು ತೆಂಗಿನಕಾಯಿ ಕೊಟ್ಟೆ, ಬೈಕಿನ ಬ್ಯಾಗಿಗೆ ಹಾಕಿಕೊಂಡು ಹೋದ.

ಆ ರಾತ್ರಿ ಮಾವ ಊಟ ಮಾಡಿದರು, ನನ್ನ ಜೊತೆ ಮಾತಾಡಲಿಲ್ಲ. ಅಕ್ಕನ ಪಕ್ಕ ಚಾಪೆ ಹಾಸಿಕೊಂಡರು. ಹಾಲಕ್ಕಿಗಳು ಎಂದಿಗಿಂತ ಜಾಸ್ತಿಯೇ ಕೂಗಿದವು. ಮೂರು ಮರಿಗಳ ಹೊಟ್ಟೆ ತುಂಬಿಸಬೇಕಲ್ಲ. ನನಗೆ ಎಚ್ಚರವಾದಾಗಲೆಲ್ಲ ನಡುಮನೆಯಿಂದ ಮಾವನ ಕೆಮ್ಮು ಕೇಳುತ್ತಿತ್ತು. ಒಂದು ಹೊತ್ತಿನಲ್ಲಿ ಎದ್ದು ಹೋಗಿ ಕಿಟಕಿ ಬಾಗಿಲು ಹಾಕಿದ್ದೂ ಕೇಳಿಸಿತು. ಆಮೇಲೆ, ಗಾಳಿಯಿಲ್ಲದೆ ಅಕ್ಕನಿಗೆ ಸೆಕೆಯಾಗುತ್ತದೆ ಅನ್ನಿಸಿರಬೇಕು, ಮತ್ತೆ ತೆಗೆದರು.

ಹಾಲಕ್ಕಿ ಮರಿಗಳು ಹಾರಲು ಹೆಚ್ಚೆಂದರೆ ಒಂದು ತಿಂಗಳು ತೆಗೆದುಕೊಳ್ಳುತ್ತವೆ. ಮಾರ್ಚಿಯ ಮೊದಲ ವಾರಗಳನ್ನು ನಾನು ಮರೆಯುವುದಿಲ್ಲ. ಸಂಜೆಯಾದರೆ ಪೊಟರೆಯ ಬಾಯಲ್ಲಿ ಮೊದಲು ಒಂದು ತಲೆ, ಅದರ ಮೇಲೆ ಇನ್ನೊಂದು, ಜಾಗ ಸಾಲದೆ ಮೂರನೆಯದು ಪಕ್ಕದಿಂದ. ಬೀದಿಯಲ್ಲಿ ಸೈಕಲ್ಲು ಹೋದರೆ ಮೂರೂ ತಲೆಗಳು ಒಟ್ಟಿಗೆ ತಿರುಗುವುದು. ರೈಲು ಕೂಗಿದರೆ ಮೂರೂ ಒಟ್ಟಿಗೆ ಒಳಗೆ. ಯಾವುದು ಬಿದ್ದಿದ್ದ ಮರಿ ಎಂದು ಎರಡು ದಿನ ಗುರುತಿಸುತ್ತಿದ್ದೆ, ಆಮೇಲೆ ಎಲ್ಲವೂ ಒಂದೇ ಆದವು. ಮರದ ಬುಡದಲ್ಲಿ ಅವು ಕಕ್ಕಿದ ಉಂಡೆಗಳು ಬೀಳುತ್ತಿದ್ದವು. ಅರಗದ್ದನ್ನೆಲ್ಲ ಉಂಡೆ ಕಟ್ಟಿ ಕಕ್ಕುವುದು ಗೂಬೆಗಳ ಪದ್ಧತಿ. ಕಡ್ಡಿಯಿಂದ ಬಿಡಿಸಿ ನೋಡಿದರೆ ಜೀರುಂಡೆಯ ರೆಕ್ಕೆಚಿಪ್ಪು, ಇಲಿಯ ಕೂದಲು, ದಾರದಷ್ಟು ಸಣ್ಣ ಎಲುಬು. ತೆಂಗಿನ ಮರವನ್ನು ಕೊರೆಯುವ ಕೊಂಬಿನ ದುಂಬಿಯ ಚಿಪ್ಪಿನಂಥದ್ದೂ ಒಂದು ಸಿಕ್ಕಿತು. ಅದನ್ನು ಮಾವನಿಗೆ ತೋರಿಸಿದೆ. ಅವರದು ಇಡೀ ತೆಂಗಿನ ತೋಟ. ತಿರುಗಿಸಿ ತಿರುಗಿಸಿ ನೋಡಿದರು. "ಹ್ಞೂಂ" ಎಂದರು.

ಅವ್ವ ಆ ಹೊತ್ತಿನಲ್ಲಿ ಮುಖವನ್ನು ಕಿಟಕಿಯತ್ತ ಹೊರಳಿಸುತ್ತಿದ್ದಳು. ಯಾರೂ ಹೊರಳಿಸದೆ, ತಾನಾಗಿ. ದೀಪ ಹೊತ್ತುವುದಕ್ಕೋ, ಸಂಜೆಯ ರೈಲಿಗೋ, ಬಾಲ್ಯದಿಂದ ಕೇಳಿ ಗೊತ್ತಿದ್ದ ಆ ಕೂಗಿಗೋ. ರಾಗಿಯ ಮೊರ ಹಿಡಿದು ನಸುಕಿನಲ್ಲಿ ಬಾಗಿಲಿಗೆ ಹೋಗುತ್ತಿದ್ದವಳು. ಹಾಲಕ್ಕಿ ನುಡಿಯುತ್ತದೆ ಎಂಬುದನ್ನು ಮಾವನಷ್ಟೇ ನಂಬಿದ್ದವಳು, ಆದರೆ ಅದಕ್ಕೆ ಬಾಗಿಲು ಹಾಕಿಕೊಂಡದ್ದನ್ನು ನಾನು ನೋಡಿಲ್ಲ.

ಏಪ್ರಿಲ್ ಎರಡನೆಯ ವಾರ, ಬೆಳಗಿನ ಜಾವ, ಅವ್ವ ಹೋದಳು. ಆ ರಾತ್ರಿ ಹಾಲಕ್ಕಿ ಕೂಗಿತ್ತೇ ಎಂದು ಯಾರೂ ಕೇಳಲಿಲ್ಲ. ಕೂಗಿತ್ತು, ದಿನಾ ಕೂಗುತ್ತಿತ್ತಲ್ಲ. ಬಂದವರು ಮರದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಇಂಥ ನೋಟಕ್ಕೆ ಉತ್ತರವಿಲ್ಲ, ಕೊಡಲು ನನಗೆ ಹೊತ್ತೂ ಇರಲಿಲ್ಲ. ಮಾವ ಮಾತ್ರ ನೋಡಲಿಲ್ಲ. ಅಕ್ಕನ ಪಾದದ ಹತ್ತಿರ ಕೂತವರು ಹೊರುವವರು ಬರುವ ತನಕ ಏಳಲಿಲ್ಲ.

ಹನ್ನೊಂದನೆಯ ದಿನ ತಿಥಿ. ತಾರಸಿಯ ಮೇಲೆ ಬಾಳೆಲೆ ಹಾಸಿ ಅವ್ವನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಾಯಸ, ವಡೆ, ಪಕ್ಕದಲ್ಲಿ ಎಲೆಅಡಿಕೆ. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಒಂದು ಗಂಟೆಯ ಬಿಸಿಲು. ಕಾಗೆಗಳ ಸುಳಿವಿಲ್ಲ. ಕೆಳಗೆ ನೂರೈವತ್ತು ಜನ, ಶಾಮಿಯಾನದ ಕೆಳಗೆ ಮಕ್ಕಳ ಅಳು. ಮಾವ ಕಾ ಕಾ ಎಂದು ಕರೆದರು. ಅಣ್ಣ ಕರೆದ. ಸತ್ತವರಿಗೆ ಏನೋ ಬಾಕಿ ಉಳಿದಿದ್ದರೆ ಕಾಗೆ ಬರುವುದಿಲ್ಲ ಎನ್ನುತ್ತಾರೆ. ಆಗ ಹತ್ತಿರದವರು ಆ ಬಾಕಿಯನ್ನು ಊಹಿಸಿ, ಜೋರಾಗಿ ಮಾತು ಕೊಡಬೇಕು.

ಮಾವ ಕೈಮುಗಿದು ನಿಂತರು. "ಅಕ್ಕ, ಮಗಳನ್ನ ಒಂಟಿ ಬಿಡಲ್ಲ, ನಾನು ನೋಡ್ಕೋತೀನಿ, ಬಾರಕ್ಕ." ಏನೂ ಬರಲಿಲ್ಲ. "ತವರಿನ ದೇವರಿಗೆ ನಿನ್ನ ಹೆಸರಲ್ಲಿ ಮಡ್ಲಕ್ಕಿ ಕೊಡ್ತೀನಿ, ಬಾರಕ್ಕ." ತಲೆಯ ಮೇಲೆ ಬಿಸಿಲು ಸುಡುತ್ತಿತ್ತು. ಮಾವನ ಕಣ್ಣು ತಾರಸಿಯಂಚಿಗೆ, ಹೊಸ ಚಿಗುರಿನಿಂದ ಹೊಳೆಯುತ್ತಿದ್ದ ಹೊಂಗೆಯತ್ತ ಹೋಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಉಳಿದ ಮಾತುಗಳಿಗಿಂತ ಮೆಲ್ಲಗೆ, "ಆ ಮರದ ತಂಟೆಗೆ ಹೋಗಲ್ಲ ಕಣಕ್ಕ" ಎಂದರು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹೊಂಗೆಯ ಎಲೆಗಳ ನಡುವೆ ಏನೋ ಕದಲಿತು. ಎಳೆಯ ಹಾಲಕ್ಕಿಯೊಂದು ನೆರಳಿನ ಕೊಂಬೆಯಿಂದ ಬಿಸಿಲಿನ ಕೊಂಬೆಗೆ ಹಾರಿ, ಹೊಳಪಿಗೆ ಕಣ್ಣು ಕಿರಿದು ಮಾಡಿ, ತಲೆ ಕುಣಿಸುತ್ತಾ ಕೂತಿತು. ಹಗಲಲ್ಲಿ ಹೊರಗೆ ಬರಬಾರದು ಎನ್ನುವುದನ್ನು ಇನ್ನೂ ಕಲಿಯದ ವಯಸ್ಸು. ಹಿತ್ತಿಲ ತೆಂಗಿನಿಂದ ಒಂದು ಕಾಗೆ ಕಂಡಿತು, ಕಿರುಚಿತು. ಪಕ್ಕದ ಬೀದಿಯಿಂದ ಎರಡು ಬಂದವು, ಸ್ಟೇಷನ್ ಕಡೆಯಿಂದ ಏಳೆಂಟು. ಹಾಲಕ್ಕಿ ಸರಕ್ಕನೆ ಪೊಟರೆಯೊಳಗೆ ಜಾರಿತು. ಕಾಗೆಗಳು ಮರದ ಸುತ್ತ ಕೂಗಾಡಿ, ಸುತ್ತಿ, ಒಂದು ತಾರಸಿಯ ಗೋಡೆಯ ಮೇಲೆ ಕೂತು, ಓರೆಗಣ್ಣಿನಲ್ಲಿ ಬಾಳೆಲೆಯನ್ನು ನೋಡಿತು. ಕುಪ್ಪಳಿಸಿ ಬಂದು ವಡೆಯನ್ನು ಎತ್ತಿಕೊಂಡಿತು. ಅದರ ಹಿಂದೆ ಉಳಿದವು.

"ಅಕ್ಕ ಬಂದ್ಲು" ಎಂದರು ಮಾವ. ಅವರ ಕೆನ್ನೆ ಒದ್ದೆಯಾಗಿತ್ತು. ನಾನು ಏನೂ ಹೇಳಲಿಲ್ಲ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ತಾರಸಿಯಂಚಿಗೆ ಹೋಗಿ ಕೆಳಗೆ ಬಗ್ಗಿ ಕೂಗಿದರು.

"ಆಯ್ತು, ಎಲೆ ಹಾಕ್ರಪ್ಪ."